ಕಲ್ಲಿಕೋಟೆಯ ಅಲ್ಪಕಾಲದ ಅತಿಥಿಗಳು

ಹಿಂದೂ ಮಹಾಸಾಗರದ ನೌಕಾಯಾನವು ಗಾಳಿಯ ಅಧೀನವಾಗಿದ್ದ ಶತಮಾನಗಳಲ್ಲಿ, ರೇವುಪಟ್ಟಣಕ್ಕೆ ಬಂದ ಪರದೇಶೀಯನು ತಾನು ಇಚ್ಛಿಸಿದ ದಿನ ಹೊರಡುವಂತಿರಲಿಲ್ಲ. ನೈಋತ್ಯ ಮಾರುತದ ಬಿರುಸಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ರೇವುಗಳು ಬಹುಮಟ್ಟಿಗೆ ಮುಚ್ಚಿರುತ್ತಿದ್ದವು. ಅನುಕೂಲವಾದ ಗಾಳಿ ತಿರುಗುವವರೆಗೆ ವರ್ತಕನೂ ರಾಯಭಾರಿಯೂ ಊರಿನಲ್ಲಿಯೇ ತಂಗಬೇಕಾಗಿತ್ತು. ಹೀಗೆ ಕೆಲವು ವಾರ ಇಲ್ಲವೆ ಕೆಲವು ತಿಂಗಳು ನಿಂತು ಹೋದವರ ಬರಹಗಳೇ ಮಲಬಾರಿನ ಕಲ್ಲಿಕೋಟೆಯ ಇತಿಹಾಸಕ್ಕೆ ಮುಖ್ಯ ಆಕರಗಳಾಗಿವೆ. ಇಂತಹ ಅಲ್ಪಕಾಲದ ಅತಿಥಿಯ ಮಾತನ್ನು ಇತಿಹಾಸಕಾರನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ನಾಲ್ವರು ಸಾಕ್ಷಿಗಳ ಸಹಾಯದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯವನು ಇಬ್ನ್ ಬತೂತ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದ ಆತನು ೧೩೪೨ರಲ್ಲಿ ಕಲ್ಲಿಕೋಟೆಯಲ್ಲಿ ಮೂರು ತಿಂಗಳು ಗಾಳಿಗಾಗಿ ಕಾದನು. ರೇವಿನಲ್ಲಿ ಹದಿಮೂರು ಚೀನೀ ಹಡಗುಗಳನ್ನು ಕಂಡನು. ಎರಡನೆಯವನು ಮಾ ಹುವಾನ್. ಸ್ವತಃ ಮುಸಲ್ಮಾನನಾದ ಈ ಚೀನೀ ದುಭಾಷಿಯು ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಚೆಂಗ್ ಹೋನ ನೌಕಾಪಡೆಯೊಡನೆ ಬಂದವನು. ಮೂರನೆಯವನು ಹೆರಾತಿನ ಷಾ ರುಖನ ರಾಯಭಾರಿ ಅಬ್ದುರ್ ರಜಾಕ್. ಆತನು ಬಂದುದು ೧೪೪೨ರಲ್ಲಿ. ನಾಲ್ಕನೆಯ ಸಾಕ್ಷಿ, ೧೪೯೮ರ ಮೇ ತಿಂಗಳಿಂದ ಆಗಸ್ಟಿನವರೆಗೆ ಇಲ್ಲಿದ್ದ ವಾಸ್ಕೋ ಡ ಗಾಮನ ಸಂಗಡಿಗನೊಬ್ಬನು ಬರೆದಿಟ್ಟ ದಿನಚರಿ.

ಇವರ ಬರಹಗಳು ಪರಸ್ಪರ ಹೊಂದುವ ಎಡೆಯನ್ನು ಮೊದಲು ನೋಡೋಣ. ಒಡೆದ ಹಡಗಿನ ಸರಕು ಆಯಾ ನೆಲದ ಒಡೆಯನಿಗೆ ಸೇರತಕ್ಕದ್ದೆಂಬ ಪದ್ಧತಿ ಆ ಕಾಲದ ಹಲವು ಕರಾವಳಿಗಳಲ್ಲಿ ರೂಢಿಯಲ್ಲಿತ್ತು. ಕಾಕತೀಯ ಗಣಪತಿದೇವನು ಹದಿಮೂರನೆಯ ಶತಮಾನದಲ್ಲಿ ಮೋಟುಪಲ್ಲಿಯ ಶಾಸನದ ಮೂಲಕ ಇದನ್ನು ಕೈಬಿಟ್ಟು ಅಭಯವಿತ್ತುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಮಲಬಾರಿನಲ್ಲಿ ಈ ಪದ್ಧತಿಯಿಂದ ಹೊರತಾದುದು ಸಾಮೂದಿರಿಯ ರಾಜ್ಯವೊಂದೇ ಎಂದೂ, ಪಟ್ಟಣದ ಏಳಿಗೆಗೆ ಅದೇ ಕಾರಣವೆಂದೂ ಇಬ್ನ್ ಬತೂತನು ಹೇಳುತ್ತಾನೆ. ಚೀನಕ್ಕೆ ಹೊರಡಬೇಕಾಗಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದಾಗ, ತೀರಕ್ಕೆ ಬಂದ ವಸ್ತುಗಳನ್ನು ಜನರು ದೋಚದಂತೆ ರಾಜಭಟರು ತಡೆದುದನ್ನು ಆತನೇ ದಾಖಲಿಸಿದ್ದಾನೆ. ಸರಿಯಾಗಿ ನೂರು ವರ್ಷಗಳ ತರುವಾಯ ಬಂದ ಅಬ್ದುರ್ ರಜಾಕನೂ, ಗಾಳಿಯ ಹೊಡೆತಕ್ಕೆ ದಾರಿತಪ್ಪಿ ಬಂದ ಹಡಗನ್ನು ಬೇರೆಡೆ ಸುಲಿಗೆ ಮಾಡುವರೆಂದೂ ಕಲ್ಲಿಕೋಟೆಯಲ್ಲಿ ಹಾಗಿಲ್ಲವೆಂದೂ ಬರೆಯುತ್ತಾನೆ. ಇಳಿಸಿದ ಸರಕನ್ನು ಸುಂಕದ ಅಧಿಕಾರಿಗಳೇ ಹಗಲಿರುಳು ಕಾಯುತ್ತಿದ್ದರು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಆಗದಿದ್ದರೆ ಏನೂ ಇಲ್ಲ. ಮಾ ಹುವಾನನು ವ್ಯಾಪಾರದ ಕ್ರಮವನ್ನೇ ವಿವರಿಸಿದ್ದಾನೆ: ರಾಜನ ಅಧಿಕಾರಿ, ಚೆಟ್ಟಿ ಮತ್ತು ದಲ್ಲಾಳಿ ಕೂಡಿ ಸರಕನ್ನು ಒಂದೊಂದಾಗಿ ನೋಡಿ ಬೆಲೆ ಕಟ್ಟುವರು, ಕೈಗೆ ಕೈ ಹಿಡಿದು ಒಪ್ಪಿದ ಮೇಲೆ ಬೆಲೆ ಏರಿದರೂ ಇಳಿದರೂ ಮಾತು ತಪ್ಪುವಂತಿಲ್ಲ. ಮಣಿಚೌಕಟ್ಟಿಲ್ಲದೆ ಕೈಕಾಲುಗಳ ಬೆರಳುಗಳಿಂದಲೇ ಅವರು ತಪ್ಪಿಲ್ಲದೆ ಲೆಕ್ಕ ಹಾಕುವುದನ್ನು ಕಂಡು ಆತನು ಬೆರಗಾದನು.

ಭಾಷೆ, ದೇಶ, ಕಾಲಗಳಲ್ಲಿ ಭಿನ್ನರಾದ ಈ ಮೂವರು ಒಂದೇ ವಿಷಯವನ್ನು ಸಮರ್ಥಿಸುವಾಗ ಅದನ್ನು ಸಂದೇಹಿಸಲು ಕಾರಣವಿಲ್ಲ. ತನ್ನ ಜೀವ, ಸರಕು, ಹಣಗಳಿಗೆ ಸಂಬಂಧಿಸಿದುದನ್ನು ಪರದೇಶೀಯನು ಎಚ್ಚರದಿಂದ ನೋಡುತ್ತಾನೆ. ಅದಕ್ಕೆ ದೀರ್ಘಕಾಲದ ವಾಸ ಬೇಕಿಲ್ಲ.

ಆದರೆ ಊರಿನ ಧರ್ಮ ಮತ್ತು ಆಚಾರಗಳ ವಿಷಯಕ್ಕೆ ಬಂದಾಗ ಸ್ಥಿತಿ ಬೇರೆಯಾಗುತ್ತದೆ. ಮಾ ಹುವಾನನು ಸಾಮೂದಿರಿಯನ್ನು ಬುದ್ಧನ ಭಕ್ತನೆಂದು ಬರೆದನು. ಅಲ್ಲಿಯ ಗೋಪೂಜೆಗೆ ಕಾರಣವಾಗಿ, ಮೂಸಾ ಪ್ರವಾದಿಯ ಕಾಲದ ಚಿನ್ನದ ಕರುವಿನ ಕಥೆಯನ್ನು ಹೇಳಿದನು. ಆ ಕಥೆಯಲ್ಲಿ ಕರುವನ್ನು ಮಾಡಿದ ಸಾಮಿರಿಗೂ ಸಾಮೂದಿರಿ ಎಂಬ ಬಿರುದಿಗೂ ಇರುವ ಧ್ವನಿಸಾಮ್ಯ ಈ ಗೊಂದಲಕ್ಕೆ ಎಡೆಗೊಟ್ಟಿರಬಹುದೆಂದು ನಾವು ಊಹಿಸುತ್ತೇವೆ. ಗಾಮನ ಸಂಗಡಿಗರಂತೂ ದೇವಾಲಯವನ್ನೇ ಇಗರ್ಜಿಯೆಂದು ಭಾವಿಸಿ ಅಲ್ಲಿ ಪ್ರಾರ್ಥನೆ ಸಲ್ಲಿಸಿದರು. ಗೋಡೆಯ ಚಿತ್ರಗಳಲ್ಲಿ ಕೋರೆಹಲ್ಲುಗಳೂ ನಾಲ್ಕೈದು ತೋಳುಗಳೂ ಕಂಡರೂ ಅವು ಸಂತರ ಚಿತ್ರಗಳೆಂದೇ ದಿನಚರಿ ನಮೂದಿಸಿದೆ. ಇಬ್ಬರೂ ತಾವು ತಂದ ಗ್ರಂಥವನ್ನೇ ಊರಿನ ಮುಖದ ಮೇಲೆ ಓದಿದರು.

ಈ ಬಗೆಯ ತಪ್ಪುಗಳನ್ನು ವಿನೋದವೆಂದು ಬಿಟ್ಟುಬಿಡುವಂತಿಲ್ಲ. ಕಲ್ಲಿಕೋಟೆಯ ಜನರು ಕ್ರೈಸ್ತರೆಂಬ ವಾರ್ತೆಯನ್ನು ಗಾಮನು ಲಿಸ್ಬನ್ನಿಗೆ ಒಯ್ದನು. ೧೫೦೦ರಲ್ಲಿ ಕಬ್ರಾಲನು ಅದೇ ನಂಬಿಕೆಯಿಂದ ಬಂದನು. ಕ್ರೈಸ್ತ ಅರಸನು ಮುಸಲ್ಮಾನ ವರ್ತಕರನ್ನು ಹೊರಹಾಕುವನೆಂಬ ನಿರೀಕ್ಷೆ, ಹಲವು ಜನಾಂಗಗಳಿಗೆ ರಕ್ಷಣೆ ನೀಡುವುದರಿಂದಲೇ ಬಾಳುತ್ತಿದ್ದ ಪಟ್ಟಣದಲ್ಲಿ ಈಡೇರುವಂತಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಚುಗೀಸರ ಕೋಠಿಯ ಮೇಲೆ ದಾಳಿ ನಡೆಯಿತು. ಕಬ್ರಾಲನು ಪಟ್ಟಣದ ಮೇಲೆ ಫಿರಂಗಿ ಹಾರಿಸಿದನು. ವ್ಯಾಪಾರದ ಸ್ಪರ್ಧೆಯೇ ಈ ವಿರಸದ ಮುಖ್ಯ ಕಾರಣವೆಂಬುದು ನಿಜ. ಆದರೆ ಮೂರು ತಿಂಗಳ ಅತಿಥಿಗಳ ತಪ್ಪು ತಿಳಿವಳಿಕೆ ಅದಕ್ಕೆ ನೆರವಾಯಿತೆಂಬುದನ್ನೂ ಮರೆಯಲಾಗದು.

ಅತಿಥಿಗಳಿಗೆ ಕಾಣದ ವ್ಯವಸ್ಥೆಯನ್ನು ತಿಳಿಯಲು ಸ್ಥಳೀಯ ಆಧಾರಗಳು ಅವಶ್ಯ. ಕಲ್ಲಿಕೋಟೆಯ ಮುಚ್ಚುಂದಿ ಮಸೀದಿಯಲ್ಲಿರುವ ಹದಿಮೂರನೆಯ ಶತಮಾನದ ಶಾಸನವು ಅರಬ್ಬಿಯಲ್ಲಿಯೂ ಹಳೆಯ ಮಲಯಾಳದಲ್ಲಿಯೂ ಇದ್ದು, ಸಾಮೂದಿರಿಯು ಆ ಮಸೀದಿಗೆ ನಿತ್ಯದ ವೆಚ್ಚಕ್ಕಾಗಿ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಅಲ್ಲಿಯ ಸಹಬಾಳ್ವೆಯು ಬರಿಯ ಔದಾರ್ಯವಲ್ಲ, ದತ್ತಿ, ಸುಂಕ, ರಕ್ಷಣೆಗಳ ನಿಯಮಗಳಿಂದ ಕಟ್ಟಿದುದು ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಇಬ್ನ್ ಬತೂತನು ಹೆಸರಿಸಿದ ಹಡಗಿನೊಡೆಯ ಮಿಸ್ಕಾಲನ ಹೆಸರಿನ ಮಸೀದಿಯು ೧೫೧೦ರಲ್ಲಿ ಪೋರ್ಚುಗೀಸರ ಬೆಂಕಿಗೆ ತುತ್ತಾಯಿತು. ಪುನರ್ನಿರ್ಮಿತವಾದ ಆ ಮಸೀದಿ ಇಂದಿಗೂ ಕುಟ್ಟಿಚ್ಚಿರದಲ್ಲಿ ನಿಂತಿದೆ. ಆ ಶತಮಾನದ ಕೊನೆಯ ಭಾಗದಲ್ಲಿ ಮಲಬಾರಿನವನೇ ಆದ ಷೇಖ್ ಜೈನುದ್ದೀನನು ತನ್ನ ಅರಬ್ಬೀ ಇತಿಹಾಸದಲ್ಲಿ ಪೋರ್ಚುಗೀಸರನ್ನು ಎದುರಿಸಲು ಸಹಧರ್ಮೀಯರಿಗೆ ಕರೆಕೊಡುವಾಗಲೂ, ಹಿಂದೂ ಅರಸನಾದ ಸಾಮೂದಿರಿಯ ರಕ್ಷಣೆಯನ್ನು ಕೃತಜ್ಞತೆಯಿಂದ ಸ್ಮರಿಸುತ್ತಾನೆ. ಊರಿನೊಳಗಿನವನ ಈ ವಿವೇಕ ಹೊರಗಿನವರ ಬರಹಗಳಲ್ಲಿ ಅಪರೂಪ.

ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ವಿಚಾರ ವಿಶೇಷವಾಗಿ ಪ್ರಸ್ತುತವಾದುದು. ಕಲ್ಲಿಕೋಟೆಯ ವಾಸದಿಂದ ಬೇಸತ್ತಿದ್ದ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನ ಆಹ್ವಾನ ಬಂದಿತು. ಆತನು ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟವನ್ನೇರಿ ೧೪೪೩ರಲ್ಲಿ ವಿಜಯನಗರವನ್ನು ಸೇರಿದನು. ಅಲ್ಲಿಯ ಕೋಟೆ, ಪೇಟೆ, ಮಹಾನವಮಿಯ ಉತ್ಸವಗಳನ್ನು ಕುರಿತ ಆತನ ವರ್ಣನೆ ನಮ್ಮ ಪಠ್ಯಪುಸ್ತಕಗಳಲ್ಲೆಲ್ಲ ಸ್ಥಾನ ಪಡೆದಿದೆ. ಆದರೆ ದೇವರಾಯನ ರಾಜ್ಯದಲ್ಲಿ ಕಲ್ಲಿಕೋಟೆಗೆ ಸಮಾನವಾದ ಮುನ್ನೂರು ರೇವುಗಳಿದ್ದವೆಂದು ಬರೆದವನೂ ಆತನೇ. ಕಣ್ಣಾರೆ ಕಂಡ ಸುಂಕದ ಕಟ್ಟೆಯ ವಿಷಯದಲ್ಲಿ ಅಷ್ಟು ನಿಖರವಾದ ಲೇಖನಿ ಕೇಳಿದ ವೈಭವದ ವಿಷಯದಲ್ಲಿ ಹೀಗೆ ಸಡಿಲವಾಗುತ್ತದೆ. ನಮ್ಮ ನಾಡಿನ ಹೊಗಳಿಕೆಯೆಂಬ ಕಾರಣಕ್ಕೆ ಅತಿಶಯೋಕ್ತಿಯನ್ನು ಪ್ರಮಾಣವೆಂದು ಸ್ವೀಕರಿಸುವುದು ಸಲ್ಲದು.

ಆದುದರಿಂದ ಪ್ರವಾಸಿಯ ಬರಹವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದನ್ನು ಆತನು ಸ್ವತಃ ಕಂಡನೇ, ಇಲ್ಲವೆ ಕೇಳಿದನೇ? ಇದರಲ್ಲಿ ಆತನ ಲಾಭನಷ್ಟಗಳು ಅಡಕವಾಗಿದ್ದವೇ? ಬೇರೊಂದು ನಾಡಿನಿಂದ ಬಂದ ಸಾಕ್ಷಿಯಾಗಲಿ, ಸ್ಥಳೀಯ ಶಾಸನವಾಗಲಿ ಇದನ್ನು ಬೆಂಬಲಿಸುತ್ತದೆಯೇ? ಹೀಗೆ ಸೋಸಿ ತೆಗೆದಾಗ ಅಲ್ಪಕಾಲದ ಅತಿಥಿಯೂ ಅಮೂಲ್ಯ ಸಾಕ್ಷಿಯಾಗುತ್ತಾನೆ. ಸೋಸದೆ ಹೋದರೆ ಆತನ ಭ್ರಮೆಗಳೇ ನಮ್ಮ ಇತಿಹಾಸವಾಗುತ್ತವೆ.