ಫುಟ್‌ಬಾಲ್ ಬೂಟು

ಫುಟ್‌ಬಾಲ್ ಬೂಟು ಎಂಬುದು ಕಾಲ್ಚೆಂಡಾಟಕ್ಕೆಂದೇ ತಯಾರಿಸಲಾಗುವ ಪಾದರಕ್ಷೆ. ಇದರ ಅಟ್ಟೆಯ ಅಡಿಭಾಗದಲ್ಲಿ ನೆಲವನ್ನು ಕಚ್ಚಿ ಹಿಡಿಯುವ ಉಬ್ಬುಗಳಿರುತ್ತವೆ. ಇವನ್ನು ಸ್ಟಡ್‌ಗಳೆಂದು ಕರೆಯಲಾಗುತ್ತದೆ. ಓಡುವಾಗ, ತಟ್ಟನೆ ನಿಲ್ಲುವಾಗ ಮತ್ತು ದಿಕ್ಕು ಬದಲಿಸುವಾಗ ಕಾಲು ಜಾರದಂತೆ ನೋಡಿಕೊಳ್ಳುವುದು, ಚೆಂಡನ್ನು ಒದೆಯುವಾಗಲೂ ಎದುರಾಳಿಯ ತುಳಿತಕ್ಕೆ ಸಿಕ್ಕಾಗಲೂ ಪಾದವನ್ನು ಕಾಪಾಡುವುದು ಇದರ ಕೆಲಸ. ಆಟದ ಅಂತರರಾಷ್ಟ್ರೀಯ ನಿಯಮಾವಳಿಯ 4ನೆಯ ನಿಯಮವು ಅಂಗಿ, ಚಡ್ಡಿ, ಕಾಲುಚೀಲ, ಶಿನ್ ಗಾರ್ಡ್ ಮತ್ತು ಪಾದರಕ್ಷೆಗಳನ್ನು ಕಡ್ಡಾಯಗೊಳಿಸಿದೆ. ಪಾದರಕ್ಷೆ ಇಂಥದ್ದೇ ಆಗಿರಬೇಕೆಂದು ಅದು ಹೇಳುವುದಿಲ್ಲ. ಧರಿಸಿದವರಿಗಾಗಲಿ ಇತರರಿಗಾಗಲಿ ಅಪಾಯಕಾರಿಯಾಗಿರಬಾರದು ಎಂದಷ್ಟೇ ವಿಧಿಸುತ್ತದೆ. ಆದ್ದರಿಂದ ಆಯ್ಕೆಯ ಹೊಣೆ ಆಟಗಾರನದು. ಮಕ್ಕಳ ವಿಷಯದಲ್ಲಿ ತಂದೆತಾಯಿಯರದು ಮತ್ತು ಶಿಕ್ಷಕರದು.

ಇತಿಹಾಸ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಉಡುಪಿನ ಭಂಡಾರದ 1526ರ ಲೆಕ್ಕಪತ್ರದಲ್ಲಿ ಕಾಲ್ಚೆಂಡಾಟಕ್ಕಾಗಿ ಹೊಲಿಸಿದ ಒಂದು ಜೊತೆ ಬೂಟಿನ ಉಲ್ಲೇಖವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಟವು ಇಂಗ್ಲೆಂಡಿನ ಕಾರ್ಮಿಕರ ನಡುವೆ ಹರಡಿದಾಗ ಅವರು ಕಾರ್ಖಾನೆಗೆ ಹಾಕಿಕೊಂಡು ಹೋಗುತ್ತಿದ್ದ ದಪ್ಪ ಚರ್ಮದ ಬೂಟುಗಳಲ್ಲೇ ಆಡುತ್ತಿದ್ದರು. ಅನಂತರ ಅಟ್ಟೆಗೆ ಚರ್ಮದ ಪಟ್ಟಿಗಳನ್ನೂ ಗುಂಡಿಗಳನ್ನೂ ಹೊಡೆಯುವ ರೂಢಿ ಬಂದಿತು. ಆ ಕಾಲದ ಬೂಟು ಪಾದದ ಕೀಲನ್ನೂ ಮುಚ್ಚುವಷ್ಟು ಎತ್ತರವಾಗಿತ್ತು, ಮುಂತುದಿ ಗಡುಸಾಗಿತ್ತು, ಮಳೆಯಲ್ಲಿ ನೆನೆದರೆ ಅದರ ಭಾರ ಮತ್ತಷ್ಟು ಹೆಚ್ಚುತ್ತಿತ್ತು.

ಬೂಟಿನ ಚರಿತ್ರೆಯಲ್ಲಿ ಹೆಚ್ಚು ನೆನೆಯಲಾಗುವ ದಿನ 1954ರ ಜುಲೈ 4. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ಮಳೆಯಲ್ಲಿ ನಡೆಯಿತು. ಗುಂಪು ಹಂತದಲ್ಲಿ ಪಶ್ಚಿಮ ಜರ್ಮನಿಯನ್ನು 8–3ರಿಂದ ಸೋಲಿಸಿದ್ದ ಹಂಗೇರಿ ಈ ಪಂದ್ಯದ ಮೊದಲ ಎಂಟು ನಿಮಿಷಗಳಲ್ಲೇ 2–0 ಮುನ್ನಡೆ ಪಡೆಯಿತಾದರೂ ಕೊನೆಗೆ ಜರ್ಮನಿ 3–2ರಿಂದ ಗೆದ್ದಿತು. ಅಡಿಡಾಸ್ ಸಂಸ್ಥಾಪಕ ಅಡಾಲ್ಫ್ ಡಾಸ್ಲರ್ ತಿರುಪಿನಿಂದ ಬಿಚ್ಚಿ ಹಾಕಬಹುದಾದ ಸ್ಟಡ್‌ಗಳ ಬೂಟುಗಳನ್ನು ಜರ್ಮನ್ ಆಟಗಾರರಿಗೆ ಒದಗಿಸಿದ್ದರು. ನೆಲ ಕೆಸರಾದಾಗ ಉದ್ದನೆಯ ಸ್ಟಡ್ ಹಾಕಿಕೊಳ್ಳುವ ಅನುಕೂಲ ಅವರಿಗಿತ್ತು. ಗೆಲುವಿನ ಕೀರ್ತಿಯನ್ನೆಲ್ಲ ಬೂಟಿಗೆ ಕೊಡುವುದು ಅತಿಶಯೋಕ್ತಿಯಾದೀತು. ಆದರೆ ಸ್ಟಡ್ಡನ್ನು ನೆಲಕ್ಕೆ ತಕ್ಕಂತೆ ಬದಲಿಸಬೇಕೆಂಬ ವಿಚಾರ ಜಗತ್ತಿಗೆ ಮನದಟ್ಟಾದದ್ದು ಆ ಪಂದ್ಯದಿಂದ.

1994ರಲ್ಲಿ ಬಂದ ‘ಪ್ರಿಡೇಟರ್’ ಮಾದರಿಯಲ್ಲಿ ಬೂಟಿನ ಮೇಲ್ಭಾಗಕ್ಕೆ ರಬ್ಬರಿನ ಏಣುಗಳನ್ನು ಅಳವಡಿಸಲಾಯಿತು. ಇದರ ಹಿಂದಿನ ಕಲ್ಪನೆ ಲಿವರ್‌ಪೂಲ್ ತಂಡದ ಮಾಜಿ ಆಟಗಾರ ಕ್ರೇಗ್ ಜಾನ್‌ಸ್ಟನ್ ಅವರದು. ಬಹುಕಾಲ ಉತ್ತಮ ಬೂಟಿಗೆ ಕಾಂಗರೂ ಚರ್ಮವೇ ಶ್ರೇಷ್ಠವೆನಿಸಿತ್ತು. ಈಗ ಸಂಶ್ಲೇಷಿತ ವಸ್ತುಗಳೂ ಹೆಣೆದ ನೂಲಿನ ಮೇಲ್ಭಾಗಗಳೂ ಆ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ನೈಕಿ ಮತ್ತು ಪೂಮಾ ಕಂಪನಿಗಳು ಕಾಂಗರೂ ಚರ್ಮದ ಬಳಕೆಯನ್ನು ಕೈಬಿಡುವುದಾಗಿ 2023ರಲ್ಲಿ ಪ್ರಕಟಿಸಿದವು.

ಭಾರತದಲ್ಲಿ ಬರಿಗಾಲಿನ ಆಟ

ಭಾರತದಲ್ಲಿ ಬೂಟಿನ ಕಥೆ ಬೂಟಿಲ್ಲದ ಪಾದಗಳಿಂದ ಆರಂಭವಾಗುತ್ತದೆ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ತಂಡವನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಬೂಟು ತೊಟ್ಟ ಸೈನಿಕರೆದುರು ಆಡಿದ ಆ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಸುಧೀರ್ ಚಟರ್ಜಿ ಒಬ್ಬರು ಮಾತ್ರ ಬೂಟು ಧರಿಸಿದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಾಲಿಮೆರೆನ್ ಆವೊ ಅವರ ನಾಯಕತ್ವದ ಭಾರತ ತಂಡವು ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ಆ ಪಂದ್ಯದಲ್ಲಿಯೂ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತದ ಪರ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾಗದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯ ಚಳಿಯಲ್ಲಿ ಕಥೆ ಬದಲಾಯಿತು. ಯುಗೊಸ್ಲಾವಿಯ 10–1ರಿಂದ ಭಾರತವನ್ನು ಸೋಲಿಸಿತು. ಭಾರತದ ಆ ಒಂದೇ ಗೋಲು ಕೂಡ ಬೆಂಗಳೂರಿನ ಆಟಗಾರನದೇ: ಈಸ್ಟ್ ಬೆಂಗಾಲ್ ತಂಡದ ಮುಂಪಡೆಯಲ್ಲಿ ‘ಪಂಚಪಾಂಡವ’ರೆಂದು ಹೆಸರಾಗಿದ್ದ ಐವರಲ್ಲಿ ಒಬ್ಬರಾದ ಅಹ್ಮದ್ ಖಾನ್ ಅವರದು. ಈ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಗಳಿಸಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು.

ಬರಿಗಾಲಿನಲ್ಲಿ ಆಡಲು ಅನುಮತಿ ದೊರೆಯದ ಕಾರಣ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂಬ ಮಾತು ಪ್ರಶ್ನೋತ್ತರ ಪುಸ್ತಕಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಇದನ್ನು ನಿಜವೆಂದು ಒಪ್ಪಲಾಗದು. ಅಂದಿನ ಪ್ರಮುಖ ಆಟಗಾರ ಶೈಲೇನ್ ಮನ್ನಾ ಅವರೇ ಇದನ್ನು ಅಲ್ಲಗಳೆದಿದ್ದರು. ಆಗ ಭಾರತದ ಆಡಳಿತಗಾರರು ಒಲಿಂಪಿಕ್ಸ್‌ಗೆ ಕೊಟ್ಟ ಮಹತ್ವವನ್ನು ವಿಶ್ವಕಪ್ಪಿಗೆ ಕೊಟ್ಟಿರಲಿಲ್ಲ.

ನೆಲ ಮತ್ತು ಸ್ಟಡ್

ಬೂಟು ಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಆಡುವುದು ಯಾವ ನೆಲದ ಮೇಲೆ? ಬೂಟಿನ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಎರಡಕ್ಷರಗಳು ಇದನ್ನೇ ಸೂಚಿಸುತ್ತವೆ. ‘ಎಫ್.ಜಿ.’ ಎಂದರೆ ಹುಲ್ಲು ಬೆಳೆದ ಗಟ್ಟಿ ನೆಲಕ್ಕೆ, ‘ಎಸ್.ಜಿ.’ ಎಂದರೆ ಮಳೆಯಿಂದ ಮೆತ್ತಗಾದ ನೆಲಕ್ಕೆ. ಎರಡನೆಯದರಲ್ಲಿ ಸ್ಟಡ್‌ಗಳು ಉದ್ದವಾಗಿದ್ದು, ಸಂಖ್ಯೆಯಲ್ಲಿ ಕಡಿಮೆಯಿದ್ದು, ಹಲವೊಮ್ಮೆ ಲೋಹದ ತುದಿ ಹೊಂದಿರುತ್ತವೆ. ‘ಎ.ಜಿ.’ ಕೃತಕ ಹುಲ್ಲಿಗೆ. ಇದರಲ್ಲಿ ಗಿಡ್ಡನೆಯ ಸ್ಟಡ್‌ಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ‘ಟಿ.ಎಫ್.’ ಎಂಬುದರ ಅಟ್ಟೆಯ ತುಂಬ ಚಿಕ್ಕ ರಬ್ಬರ್ ಗುಬುಟುಗಳಿರುತ್ತವೆ. ಸಪಾಟಾದ ಅಟ್ಟೆಯ ‘ಐ.ಸಿ.’ ಒಳಾಂಗಣಕ್ಕೆ ಮೀಸಲು.

ಸ್ಟಡ್ ನೆಲದೊಳಗೆ ಇಳಿದಾಗ ಮಾತ್ರ ದೇಹದ ಭಾರ ಇಡೀ ಅಟ್ಟೆಯ ಮೇಲೆ ಹಂಚಿಹೋಗುತ್ತದೆ. ಗಟ್ಟಿ ನೆಲದಲ್ಲಿ ಅದು ಇಳಿಯದು. ಆಗ ಭಾರವೆಲ್ಲ ಕೆಲವೇ ಬಿಂದುಗಳ ಮೇಲೆ ಬಿದ್ದು ಅಂಗಾಲು ಉರಿಯುತ್ತದೆ, ಹಿಮ್ಮಡಿ ನೋಯುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಕೃತಕ ಹುಲ್ಲಿನಲ್ಲಿ ಉದ್ದನೆಯ ಸ್ಟಡ್ ಸಿಕ್ಕಿಹಾಕಿಕೊಂಡರೆ ಪಾದ ನಿಂತಲ್ಲೇ ನಿಂತು, ದೇಹ ಮಾತ್ರ ತಿರುಗುತ್ತದೆ. ಆ ತಿರುಚು ಮೊಣಕಾಲಿಗೆ ಹೋಗುತ್ತದೆ. ಮೊಣಕಾಲಿನ ಅಸ್ಥಿರಜ್ಜು ಹರಿದರೆ ಆಟಗಾರ ಹಲವು ತಿಂಗಳು ಮೈದಾನದಿಂದ ದೂರವಿರಬೇಕಾಗುತ್ತದೆ. ಆಟಗಾರ್ತಿಯರಲ್ಲಿ ಈ ಗಾಯ ಪುರುಷರಲ್ಲಿಗಿಂತ ಹೆಚ್ಚು. ಆದರೂ ಮಹಿಳೆಯರ ಬೂಟುಗಳೆಂದು ಬಹುಕಾಲ ಮಾರಾಟವಾದವು ಗಂಡಸರ ಪಾದದ ಅಚ್ಚಿನಲ್ಲೇ ಅಳತೆ ಕುಗ್ಗಿಸಿ ಮಾಡಿದಂಥವು. ಪ್ರತ್ಯೇಕ ವಿನ್ಯಾಸದತ್ತ ದೊಡ್ಡ ಕಂಪನಿಗಳು ಗಮನ ಹರಿಸಿದ್ದು ತೀರ ಇತ್ತೀಚೆಗೆ.

ಕರ್ನಾಟಕದ ಬಹುಪಾಲು ಶಾಲಾ ಮೈದಾನಗಳು ಮೇಲಿನ ಯಾವ ಹೆಸರಿಗೂ ಸರಿಯಾಗಿ ಹೊಂದುವುದಿಲ್ಲ. ಬಯಲುಸೀಮೆಯ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನಂತಾಗುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಗಟ್ಟಿ ನೆಲ. ಮಲೆನಾಡಿನಲ್ಲಿ ಜೂನ್ ಬಂತೆಂದರೆ ಅದೇ ಮೈದಾನ ಕೆಸರುಗದ್ದೆ. ಹುಲ್ಲಿಲ್ಲದ ಗಟ್ಟಿ ನೆಲಕ್ಕೆ ಟಿ.ಎಫ್. ಮಾದರಿಯೇ ಕ್ಷೇಮಕರ. ದೂರದರ್ಶನದಲ್ಲಿ ಕಂಡ ತಾರೆಯ ಕಾಲಿನ ಬೂಟನ್ನೇ ಹಟ ಹಿಡಿದು ಕೊಂಡ ಹುಡುಗನು ಮೂರು ದಿನ ಆಡಿ, ನಾಲ್ಕನೆಯ ದಿನ ಕುಂಟುತ್ತ ಬರುವುದು ಶಿಕ್ಷಕರಿಗೆ ಹೊಸ ನೋಟವೇನಲ್ಲ. ಆ ತಾರೆ ಆಡುವುದು ನೀರುಣಿಸಿ ಕತ್ತರಿಸಿದ ಹುಲ್ಲಿನ ಮೇಲೆ. ನಗರಗಳಲ್ಲಿ ಕೃತಕ ಹುಲ್ಲಿನ ಬಾಡಿಗೆ ಅಂಗಣಗಳು ಹೆಚ್ಚಿರುವುದರಿಂದ ಅಲ್ಲಿ ಆಡುವವರು ಎ.ಜಿ. ಅಥವಾ ಟಿ.ಎಫ್. ಬೂಟು ಧರಿಸುವುದು ಸೂಕ್ತ. 2013–14ರಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಪ್ರಶಸ್ತಿಯ ಋತುವಿನಲ್ಲಿ ತವರಿನ ಪಂದ್ಯಗಳನ್ನಾಡಿದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿಯೂ ಕೃತಕ ಹುಲ್ಲನ್ನೇ ಹಾಸಲಾಗಿತ್ತು.

ಅಳತೆ

ದಿನದ ಓಡಾಟದಿಂದ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಬೂಟು ಕೊಳ್ಳುವುದು ಒಳ್ಳೆಯದು. ಆಡುವಾಗ ಹಾಕುವ ದಪ್ಪ ಕಾಲುಚೀಲವನ್ನು ಜೊತೆಗೆ ಒಯ್ಯಬೇಕು. ಎರಡು ಪಾದಗಳ ಅಳತೆ ಒಂದೇ ಆಗಿರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಬೇಕು. ಎದ್ದು ನಿಂತಾಗ ಬೆರಳ ತುದಿಗೂ ಬೂಟಿನ ತುದಿಗೂ ನಡುವೆ ಕಿರುಬೆರಳಿನ ಅಗಲಕ್ಕಿಂತ ಹೆಚ್ಚು ಜಾಗ ಬೇಡ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿದಾಗ ಹಿಮ್ಮಡಿ ಬೂಟಿನಿಂದ ಮೇಲೇಳಬಾರದು. ಪಾದದ ಅಗಲ ಭಾಗದಲ್ಲಿ ಒತ್ತಬಾರದು. ಬರಿಗಾಲಿನಲ್ಲಿ ಓಡಾಡಿ ಬೆಳೆದವರ ಪಾದದ ಮುಂಭಾಗ ಅಗಲವಾಗಿರುವುದು ಸಾಮಾನ್ಯ. ಅಂಥವರು ಕಿರಿದಾದ ಅಚ್ಚಿನ ಬೂಟು ಕೊಂಡು, ಬಿಗಿಯಾಯಿತೆಂದು ಒಂದು ಅಳತೆ ಮೇಲಿನದನ್ನು ಆರಿಸಿಕೊಂಡರೆ ಉದ್ದ ಹೆಚ್ಚಾಗಿ ಪಾದ ಒಳಗೇ ಜಾರುತ್ತದೆ.

‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಮಕ್ಕಳಿಗೆ ಎರಡು ಅಳತೆ ದೊಡ್ಡ ಬೂಟು ಕೊಡಿಸುವ ಪದ್ಧತಿ ಬಡತನದಿಂದ ಬಂದದ್ದು, ಅರ್ಥವಾಗುವಂಥದ್ದು. ಆದರೂ ಅದರಿಂದ ನೀರುಗುಳ್ಳೆ, ಎಡವುವಿಕೆ ಮತ್ತು ಪಾದದ ಕೀಲಿನ ಉಳುಕು ಬರುತ್ತವೆ. ಅದೇ ಹಣದಲ್ಲಿ ಅಳತೆಗೆ ಸರಿಯಾದ ಅಗ್ಗದ ಜೊತೆಯೊಂದನ್ನು ಕೊಳ್ಳುವುದು ಲೇಸು. ಸುಮಾರು ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಈ ವಯಸ್ಸಿನವರು ಆಟದ ನಂತರ ಹಿಮ್ಮಡಿ ನೋವೆಂದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ಬೂಟನ್ನೂ ನೆಲವನ್ನೂ ಪರಿಶೀಲಿಸಬೇಕು. ಅಗತ್ಯವಿದ್ದರೆ ವೈದ್ಯರಿಗೆ ತೋರಿಸಬೇಕು.

ಕೌಶಲ ಮತ್ತು ತರಬೇತಿ

ಬೂಟು ಹೆಚ್ಚು ದುಡಿಯುವುದು ಒದೆಯುವ ಕಾಲಿನಲ್ಲಿ ಎಂದು ಭಾವಿಸುವುದು ಸಹಜ. ವಾಸ್ತವವಾಗಿ ಒದೆಯದೆ ನಿಂತ ಕಾಲಿಗೇ ಅದರ ನೆರವು ಹೆಚ್ಚು ಬೇಕು. ಬಲಗಾಲಿನಿಂದ ಒದೆಯುವವನು ಎಡಪಾದವನ್ನು ಚೆಂಡಿನ ಪಕ್ಕದಲ್ಲಿ, ಬೆರಳುಗಳು ಗುರಿಯತ್ತ ಮುಖ ಮಾಡುವಂತೆ ಊರುತ್ತಾನೆ. ಆ ಪಾದ ಜಾರಿದರೆ ಹೊಡೆತ ಎಷ್ಟೇ ಬಲವಾಗಿದ್ದರೂ ದಿಕ್ಕು ತಪ್ಪುತ್ತದೆ. ಹತ್ತಿರದ ಜೊತೆಗಾರನಿಗೆ ಚೆಂಡು ಕೊಡಲು ಪಾದದ ಒಳಬದಿಯನ್ನು, ದೂರಕ್ಕೆ ಹೊಡೆಯಲು ಲೇಸು ಕಟ್ಟುವ ಮೇಲ್ಭಾಗವನ್ನು ಬಳಸಲಾಗುತ್ತದೆ. ಬೆರಳ ತುದಿಯಿಂದ ಒದೆಯುವುದು ಆರಂಭಿಕರ ಸಾಮಾನ್ಯ ತಪ್ಪು. ಬೂಟು ಹೊಸದಾಗಿ ಸಿಕ್ಕವರಲ್ಲಿ, ನೋವಾಗದೆಂಬ ಧೈರ್ಯದಿಂದ, ಇದು ಮತ್ತಷ್ಟು ಹೆಚ್ಚುತ್ತದೆ.

ಇದಕ್ಕೆ ಗೋಡೆಗಿಂತ ಒಳ್ಳೆಯ ಗುರುವಿಲ್ಲ. ಐದಾರು ಹೆಜ್ಜೆ ದೂರ ನಿಂತು ಒಂದು ಕಾಲಿನಿಂದ ಗೋಡೆಗೆ ಹೊಡೆದು, ಮರಳಿದ ಚೆಂಡನ್ನು ಇನ್ನೊಂದು ಕಾಲಿನಿಂದ ತಡೆಯುವ ಅಭ್ಯಾಸವನ್ನು ದಿನಕ್ಕೆ ಕಾಲು ಗಂಟೆ ಮಾಡಿದರೆ ದುರ್ಬಲ ಕಾಲು ಕೂಡ ಪಳಗುತ್ತದೆ. ಚೆಂಡು ಬರುವಾಗ ಪಾದವನ್ನು ತುಸು ಹಿಂದಕ್ಕೆಳೆದುಕೊಂಡು ಅದರ ವೇಗವನ್ನು ಹೀರಿಕೊಳ್ಳುವುದೇ ಹಿಡಿತದ ಗುಟ್ಟು. ಬರಿಗಾಲಿನ ತಲೆಮಾರು ಚೆಂಡಿನ ಮೇಲೆ ಸಾಧಿಸಿದ್ದ ಹಿಡಿತಕ್ಕೆ ಈ ಸ್ಪರ್ಶಜ್ಞಾನವೇ ಆಧಾರವಾಗಿತ್ತು. ಸಾಲಾಗಿ ಇಟ್ಟ ಕಲ್ಲುಗಳ ನಡುವೆ ಚೆಂಡನ್ನು ಹಾವಿನ ನಡೆಯಂತೆ ಸಾಗಿಸುವುದು ಮತ್ತೊಂದು ಸುಲಭ ಅಭ್ಯಾಸ.

ಅಭ್ಯಾಸಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳಲು ಫಿಫಾ ರೂಪಿಸಿದ ‘11+’ ಎಂಬ ಕ್ರಮವಿದೆ. ಓಟ, ಬಲ ಮತ್ತು ಸಮತೋಲನದ 15 ವ್ಯಾಯಾಮಗಳನ್ನುಳ್ಳ ಇದಕ್ಕೆ ಸುಮಾರು 20 ನಿಮಿಷ ಸಾಕು. ವಿಶೇಷ ಉಪಕರಣಗಳೇನೂ ಬೇಡ. ನಿಯಮಿತವಾಗಿ ಮಾಡುವ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾದುದು ಅಧ್ಯಯನಗಳಿಂದ ಕಂಡುಬಂದಿದೆ.

ಜೋಪಾನ

ಹೊಸ ಬೂಟನ್ನು ನೇರವಾಗಿ ಪಂದ್ಯಕ್ಕೆ ಧರಿಸಬಾರದು. ಕೆಲವು ದಿನ ಅರ್ಧ ಗಂಟೆಯ ಲಘು ಅಭ್ಯಾಸದಲ್ಲಿ ಪಳಗಿಸಬೇಕು. ಆಟ ಮುಗಿದೊಡನೆ ಮಣ್ಣು ಕೊಡವಿ ಒದ್ದೆ ಬಟ್ಟೆಯಿಂದ ಒರಸಬೇಕು. ನೆನೆದ ಬೂಟನ್ನು ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಇಟ್ಟರೆ ಚರ್ಮ ಸೆಡೆತು ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ತುರುಕಿ ನೆರಳಲ್ಲಿ ಒಣಗಿಸುವುದು ಸರಿಯಾದ ಕ್ರಮ. ಕೆಲವು ಸ್ಟಡ್‌ಗಳು ಮಾತ್ರ ಸವೆದು ಅಟ್ಟೆ ಒಂದು ಬದಿಗೆ ವಾಲತೊಡಗಿದರೆ ಮೇಲ್ಭಾಗ ಚೆನ್ನಾಗಿದ್ದರೂ ಆ ಬೂಟಿನಲ್ಲಿ ಆಡುವುದನ್ನು ನಿಲ್ಲಿಸಬೇಕು.