ಹಳೆಯ ಲಾರಿಗೆ ತಕ್ಕ ಕಿಡಿ

ಹಳೆಯ ಪೆಟ್ರೋಲ್ ಲಾರಿಯನ್ನು ಅಕ್ಕರೆಯಿಂದ ಉಳಿಸಿಕೊಂಡವರು ಬಿಡಿಭಾಗಗಳ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಯಾವ ಕಂಪನಿಯ ಸ್ಪಾರ್ಕ್ ಪ್ಲಗ್ ಒಳ್ಳೆಯದು?’ ಎಂಬುದು. ಈ ಪುಟ್ಟ ಸಾಧನದ ಇತಿಹಾಸವನ್ನು ಅರಿತರೆ, ಕೇಳಬೇಕಾದ ಪ್ರಶ್ನೆಯೇ ಬೇರೆ ಎಂಬುದು ಮನದಟ್ಟಾಗುತ್ತದೆ.

1860ರಲ್ಲಿ ಪ್ಯಾರಿಸ್ಸಿನಲ್ಲಿ ಎತ್ಯೆನ್ ಲೆನ್ವಾರ್ ತನ್ನ ಅನಿಲ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿಯಿಂದ ಇಂಧನವನ್ನು ಹೊತ್ತಿಸಿದನು. ಆದರೆ ವೇಗವಾಗಿ ತಿರುಗುವ ಎಂಜಿನ್ನಿಗೆ ನಂಬಬಹುದಾದ ಕಿಡಿ ದೊರೆತದ್ದು 1902ರಲ್ಲಿ. ಆ ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನ ಬಾಷ್ ಕಾರ್ಯಾಗಾರದಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ರೂಪಿಸಿದನು.

ಅಮೆರಿಕದಲ್ಲಿ ಪ್ಲಗ್ಗಿನ ಕಥೆ ಒಬ್ಬ ಸೈಕಲ್ ಪಟುವಿನ ಕಥೆಯೂ ಹೌದು. 1899ರ ಪ್ಯಾರಿಸ್–ರುಬೇ ಪಂದ್ಯವನ್ನು ಗೆದ್ದ ಫ್ರೆಂಚ್ ಯುವಕ ಆಲ್ಬರ್ಟ್ ಚಾಂಪಿಯನ್ ಅಮೆರಿಕಕ್ಕೆ ಹೋಗಿ, 1905ರಲ್ಲಿ ಬಾಸ್ಟನ್ನಿನಲ್ಲಿ ತನ್ನ ಹೆಸರಿನ ಕಂಪನಿಯನ್ನು ತೆರೆದನು. 1908ರಲ್ಲಿ ಪಾಲುದಾರರನ್ನು ಅಗಲಿ ಫ್ಲಿಂಟ್ ನಗರಕ್ಕೆ ತೆರಳಿ ಮತ್ತೊಂದು ಕಾರ್ಖಾನೆಯನ್ನು ಆರಂಭಿಸಿದನು. ‘ಚಾಂಪಿಯನ್’ ಎಂಬ ಹೆಸರು ಮಾತ್ರ ಹಳೆಯ ಪಾಲುದಾರರಲ್ಲಿಯೇ ಉಳಿಯಿತು. ಕೊನೆಗೆ 1922ರಲ್ಲಿ ಅವನ ಕಂಪನಿ ‘ಎ.ಸಿ. ಸ್ಪಾರ್ಕ್ ಪ್ಲಗ್’ ಎಂದು ಹೆಸರು ಬದಲಿಸಿಕೊಂಡಿತು. ತನ್ನ ಹೆಸರನ್ನೇ ಕಳೆದುಕೊಂಡವನಿಗೆ ಅದರ ಮೊದಲಕ್ಷರಗಳು ಉಳಿದವು! 1917ರಲ್ಲಿ ಬಂದ ಫೋರ್ಡ್ ಟಿಟಿ ಎಂಬ ಒಂದು ಟನ್ನಿನ ಟ್ರಕ್ಕಿಗೆ ‘ಚಾಂಪಿಯನ್ ಎಕ್ಸ್’ ಪ್ಲಗ್ ಹೊಂದುತ್ತಿತ್ತು. ಜನರಲ್ ಮೋಟಾರ್ಸಿನ ವಾಹನಗಳಿಗೆ ಎ.ಸಿ. ಪ್ಲಗ್ ಬಂದಿತು. ಪರಸ್ಪರ ಪೈಪೋಟಿಗಿಳಿದ ಎರಡೂ ಪೆಟ್ಟಿಗೆಗಳ ಮೇಲೆ ಒಬ್ಬನದೇ ಗುರುತು. ಇದೇ ಕಾರಣಕ್ಕೆ ಹೆಸರನ್ನಷ್ಟೇ ನೋಡಿ ಆರಿಸುವುದು ಸಾಲದು.

ಹಾಗಾದರೆ ನೋಡಬೇಕಾದದ್ದೇನು? ಪ್ಲಗ್ಗಿನ ತುದಿಯ ಶಾಖ. ತುದಿಯು ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿಗೂ ಕಡಿಮೆ ಇದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಂಡು ಕಿಡಿಯೇ ಸತ್ತುಹೋಗುತ್ತದೆ. 850 ಡಿಗ್ರಿಯನ್ನು ಬಹಳ ಮೀರಿದರೆ ಅದು ಕೆಂಡದಂತೆ ಕಾದು, ಕಿಡಿಗಿಂತ ಮುಂಚೆಯೇ ಇಂಧನವನ್ನು ಹೊತ್ತಿಸುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು. ಒಳಗಿನ ಪಿಂಗಾಣಿ ಮೂಗು ಉದ್ದವಾದಷ್ಟೂ ಶಾಖ ಹೊರಹೋಗಲು ದೂರದ ದಾರಿ ಹಿಡಿಯಬೇಕಾಗುತ್ತದೆ, ಮೂಗು ಬಿಸಿಯಾಗಿಯೇ ಉಳಿಯುತ್ತದೆ. ಅದು ‘ಬಿಸಿ’ ಪ್ಲಗ್. ಮೂಗು ಗಿಡ್ಡವಾದರೆ ‘ತಣ್ಣನೆಯ’ ಪ್ಲಗ್.

1927ರಲ್ಲಿ ಬಾಷ್ ಕಂಪನಿ ಈ ಗುಣವನ್ನು ಶಾಖಮಾನವೆಂಬ ಅಂಕಿಯಿಂದ ಸೂಚಿಸತೊಡಗಿತು. ಆದರೆ ಎಲ್ಲರ ಅಂಕಿಯೂ ಒಂದೇ ಭಾಷೆಯನ್ನಾಡುವುದಿಲ್ಲ. ಬಾಷ್‌ನ ಹಳೆಯ ಕ್ರಮದಲ್ಲಿ 225 ಎಂಬುದು 175ಕ್ಕಿಂತ ತಣ್ಣನೆಯದು. ಅದರ ಹೊಸ ಕ್ರಮದಲ್ಲಿ ದೊಡ್ಡ ಅಂಕಿಯೇ ಬಿಸಿಯದು. ಚಾಂಪಿಯನ್‌ನಲ್ಲಿಯೂ ದೊಡ್ಡ ಅಂಕಿ ಬಿಸಿ. ಜಪಾನಿನ ಎನ್‌ಜಿಕೆಯಲ್ಲಿ ಅದಕ್ಕೆ ವಿರುದ್ಧವಾಗಿ ತಣ್ಣನೆಯದು. ಹಳೆಯ ಪೆಟ್ಟಿಗೆಯ ಅಂಕಿಯನ್ನು ನೋಡಿ ಮತ್ತೊಂದು ಕಂಪನಿಯ ಅದೇ ಅಂಕಿಯದನ್ನು ಕೊಂಡರೆ ಅಪಾಯ ಕಟ್ಟಿಟ್ಟದ್ದು. ಹೋಲಿಕೆಯ ಪಟ್ಟಿಯನ್ನು ನೋಡಿಯೇ ಕೊಳ್ಳಬೇಕು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಪಾಲಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಬಳಕೆಯಾದ ‘ಮೈಕೋ’, 1953ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಇಂಜೆಕ್ಷನ್ ಉಪಕರಣವನ್ನೂ ತಯಾರಿಸಿತು. 1954ರಲ್ಲಿ ಟಾಟಾ–ಮರ್ಸಿಡಿಸ್ ಡೀಸೆಲ್ ಲಾರಿಗಳು ಬಂದ ಮೇಲೆ, ಪ್ಲಗ್ಗೇ ಬೇಡದ ಎಂಜಿನ್ನುಗಳು ನಮ್ಮ ರಸ್ತೆಗಳನ್ನು ಆಳಿದವು. ಒಂದೇ ಸಂಸ್ಥೆ ಪೆಟ್ರೋಲ್ ಲಾರಿಗೆ ಕಿಡಿಯನ್ನೂ, ಅದನ್ನು ಹಿಂದಿಕ್ಕಿದ ಡೀಸೆಲ್ಲಿಗೆ ಪಂಪನ್ನೂ ಒದಗಿಸಿದುದು ಸ್ವಾರಸ್ಯದ ಸಂಗತಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು.

ಇನ್ನು ಬಳಕೆಯ ಮಾತು. ಪ್ಲಗ್ಗಿನ ಸುತ್ತಿನ ಅಳತೆ, ಎಳೆಯ ಉದ್ದ ಇವು ಎಂಜಿನ್ನಿಗೆ ಸರಿಹೊಂದಲೇಬೇಕು. ಉದ್ದ ಹೆಚ್ಚಾದರೆ ಪಿಸ್ಟನ್ನಿಗೆ ತಾಗಬಹುದು. ತಯಾರಕರು ಹೇಳಿದ ಶಾಖಮಾನದಿಂದಲೇ ಆರಂಭಿಸಿ. ರಿಂಗುಗಳು ಸವೆದು ಎಣ್ಣೆ ಸುಡುವ, ಮೆಲ್ಲನೆ ಓಡುವ ಮುದಿ ಎಂಜಿನ್ನಿಗೆ ಒಂದು ಮೆಟ್ಟಿಲು ಬಿಸಿಯದು ಒಗ್ಗಬಹುದು. ಭಾರ ಹೊತ್ತು ಘಟ್ಟವನ್ನೇರುವುದಕ್ಕೆ ಅಂಥದು ಬೇಡ. ಕೆಲವು ದಿನ ಓಡಿಸಿದ ಮೇಲೆ ಬಿಚ್ಚಿ ನೋಡಿ: ತುದಿ ತಿಳಿಗಂದು ಬಣ್ಣಕ್ಕಿದ್ದರೆ ಸರಿ, ಕಪ್ಪು ಮಸಿಯಿದ್ದರೆ ಪ್ಲಗ್ ತಣ್ಣಗಿದೆ ಅಥವಾ ಪೆಟ್ರೋಲು ಹೆಚ್ಚಾಗಿದೆ, ಬೆಳ್ಳಗೆ ಸುಟ್ಟಂತಿದ್ದರೆ ಅತಿ ಬಿಸಿ. ನಮ್ಮಲ್ಲಿ 2000ದ ಫೆಬ್ರವರಿಯಿಂದ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿರುವುದರಿಂದ, ಹಿಂದೆ ಪ್ಲಗ್ಗಿಗೆ ಅಂಟುತ್ತಿದ್ದ ಸೀಸದ ಲೇಪದ ಕಾಟ ಈಗಿಲ್ಲ, ಅಷ್ಟಾದರೂ ಸುಖ. ಲಾರಿ ಹಳೆಯದಾದರೂ, ತಕ್ಕ ಕಿಡಿ ದೊರೆತರೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಊರು ಸುತ್ತಬಲ್ಲದು.