ಗಾಳಿಯ ಲೆಕ್ಕ, ರೋಗದ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಪತ್ರಕ್ಕೆ ಬರವಿರಲಿಲ್ಲ. ಶಿಶುಗಳ ಜನ್ಮದೋಷಗಳ ದಾಖಲಾತಿ 1980ರ ದಶಕದಲ್ಲೇ ಶುರುವಾಗಿತ್ತು. 1988ರ ಹೊತ್ತಿಗೆ ಕ್ಯಾನ್ಸರ್ ನೋಂದಣಿ ಇಡೀ ರಾಜ್ಯಕ್ಕೆ ಹಬ್ಬಿತು. 1990ರಿಂದ ರೈತರು ಹೊಲ-ತೋಟಗಳಿಗೆ ಹಾಕಿದ ಕೀಟನಾಶಕ ಯಾವುದು, ಎಷ್ಟು, ಯಾವ ಬೆಳೆಗೆ, ಯಾವ ಚದರ ಮೈಲಿಯಲ್ಲಿ ಎಂಬುದನ್ನೆಲ್ಲ ಕೌಂಟಿಯ ಕೃಷಿ ಕಮಿಷನರ್‌ಗೆ ಒಪ್ಪಿಸುವುದು ಕಡ್ಡಾಯವಾಯಿತು. ಆದರೆ ಒಂದೊಂದು ಕಡತ ಒಂದೊಂದು ಇಲಾಖೆಯ ಬೀರುವಿನಲ್ಲಿತ್ತು. ನನ್ನ ಮಗುವಿನ ಉಬ್ಬಸಕ್ಕೂ ಪಕ್ಕದ ತೋಟದ ಸಿಂಪಡಣೆಗೂ ನಂಟಿದೆಯೇ ಎಂದು ತಾಯಿಯೊಬ್ಬಳು ಕೇಳಿದರೆ, ಎರಡೂ ಲೆಕ್ಕ ಕೂಡಿಸಿ ಉತ್ತರ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಈ ಒಡಕು ಹಳೆಯದು. 1970ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿದ ಮೇಲೆ ಪರಿಸರದ ಉಸ್ತುವಾರಿಯೂ ಜನರ ಆರೋಗ್ಯದ ಉಸ್ತುವಾರಿಯೂ ಬೇರೆ ಬೇರೆ ಮನೆ ಮಾಡಿಕೊಂಡವು. ಕ್ಯಾಲಿಫೋರ್ನಿಯಾ ಕೂಡ 1991ರಲ್ಲಿ ತನ್ನದೇ ಪರಿಸರ ಸಂಸ್ಥೆ ಕಟ್ಟಿಕೊಂಡಿತು. ಹೊಗೆ ಅಳೆಯುವವರು ಹೊಗೆ ಅಳೆದರು, ರೋಗಿಗಳನ್ನು ಎಣಿಸುವವರು ರೋಗಿಗಳನ್ನು ಎಣಿಸಿದರು. ಸೆಪ್ಟೆಂಬರ್ 2000ದಲ್ಲಿ ಪ್ಯೂ ಪರಿಸರ ಆರೋಗ್ಯ ಆಯೋಗ ಈ ಕೊರತೆಗೆ ಬೆರಳಿಟ್ಟಿತು. ಅಂಟುರೋಗಗಳ ಜಾಡು ಹಿಡಿಯಬಲ್ಲ ದೇಶಕ್ಕೆ ಉಬ್ಬಸ, ಕ್ಯಾನ್ಸರ್‌ನಂಥ ದೀರ್ಘಕಾಲದ ರೋಗಗಳ ಜಾಡು ಗೊತ್ತಿಲ್ಲ ಎಂಬುದು ಅದರ ವರದಿಯ ತಿರುಳು.

ಮರುವರ್ಷವೇ ಕ್ಯಾಲಿಫೋರ್ನಿಯಾದ ಸೆನೆಟರ್ ಮಾರ್ತಾ ಎಸ್ಕುಟಿಯಾ ಮಂಡಿಸಿದ ಎಸ್‌ಬಿ 702 ಮಸೂದೆ ಕಾಯ್ದೆಯಾಯಿತು. ಪರಿಸರದ ಲೆಕ್ಕವನ್ನೂ ರೋಗದ ಲೆಕ್ಕವನ್ನೂ ಕೂಡಿಸಿ ಜಾಡು ಹಿಡಿಯುವ ಜಾಲವನ್ನು ತಕ್ಷಣ ಕಟ್ಟಲು ಆ ಕಾಯ್ದೆ ಹೇಳಲಿಲ್ಲ. ಹೇಗೆ ಕಟ್ಟಬೇಕೆಂದು ಯೋಚಿಸಲು ತಜ್ಞರ ತಂಡವೊಂದನ್ನು ಕೂರಿಸಿತು. ತಂಡದ ವರದಿ 2004ರಲ್ಲಿ ಬಂತು. ಈ ನಡುವೆ ಕೇಂದ್ರ ಸಂಸತ್ತು 2002ರಲ್ಲಿ ಇಂಥದೇ ರಾಷ್ಟ್ರೀಯ ಜಾಲಕ್ಕಾಗಿ ರೋಗ ನಿಯಂತ್ರಣ ಕೇಂದ್ರಕ್ಕೆ 1.75 ಕೋಟಿ ಡಾಲರ್ ಕೊಟ್ಟಿತು. ಅದರ ನೆರವು ಪಡೆದ ಮೊದಲ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾವೂ ಒಂದು.

ಯೋಜನೆಗೆ ಕುಳಿತಾಗ ಗೊತ್ತಾದದ್ದು, ಕಂಪ್ಯೂಟರ್‌ಗಳನ್ನು ಬೆಸೆದಷ್ಟು ಸುಲಭವಾಗಿ ಜನರನ್ನು ಬೆಸೆಯಲಾಗದು ಎಂಬುದು. ಸಂಶೋಧಕರಿಗೆ ಮನೆ ವಿಳಾಸದಷ್ಟು ಸೂಕ್ಷ್ಮ ಮಾಹಿತಿ ಬೇಕು. ನೋಂದಣಿಯವರಿಗೆ ರೋಗಿಯ ಗುಟ್ಟು ಕಾಯುವ ಹೊಣೆ. ಪುಟ್ಟ ಊರಲ್ಲಿ ಮೂರೇ ಪ್ರಕರಣಗಳಿದ್ದರೆ ಅಂಕಿಯೇ ರೋಗಿಯ ಹೆಸರು ಹೇಳಿಬಿಡುತ್ತದೆ. ಕಾರ್ಖಾನೆ, ತೋಟಗಳ ಪಕ್ಕದಲ್ಲಿ ಬದುಕುವವರ ಪ್ರಶ್ನೆ ಇನ್ನೂ ಬೇರೆ: ಈ ಲೆಕ್ಕದಿಂದ ನಮಗೇನು ಸಿಗುತ್ತದೆ? ಜಾಡು ಹಿಡಿಯುವುದೆಂದರೆ ಏನನ್ನು ಎಣಿಸಬೇಕೆಂದು ಮೊದಲು ಆರಿಸುವುದು. ಆರಿಸುವ ಮೇಜಿನ ಸುತ್ತ ಯಾರಿದ್ದಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿತ್ತು.

ನಮಗೇನು ಸಿಗುತ್ತದೆ ಎಂಬ ಪ್ರಶ್ನೆಗೆ 2006ರಲ್ಲಿ ಕಾನೂನಿನೊಳಗೇ ಒಂದು ಉತ್ತರ ಸೇರಿತು. ಜನರ ರಕ್ತ, ಮೂತ್ರದಲ್ಲಿ ಸೇರಿಕೊಂಡ ರಾಸಾಯನಿಕಗಳನ್ನು ಅಳೆಯುವ ಕಾರ್ಯಕ್ರಮಕ್ಕಾಗಿ ಬಂದ ಎಸ್‌ಬಿ 1379, ಮಾದರಿ ಕೊಟ್ಟವರು ಕೇಳಿದರೆ ಅವರ ಫಲಿತಾಂಶ ಅವರ ಕೈಗೆ ಸೇರಬೇಕೆಂದಿತು. 2009ರ ಜುಲೈನಲ್ಲಿ ರಾಷ್ಟ್ರೀಯ ಜಾಲ ಸಾರ್ವಜನಿಕರಿಗೆ ತೆರೆದುಕೊಂಡಿತು.

ಕಡತಗಳು ಕೂಡಿದರೆ ಏನಾಗಬಹುದೆಂಬುದು 2014ರಲ್ಲಿ ಕಂಡಿತು. ಕೀಟನಾಶಕ ಬಳಕೆ ಹೆಚ್ಚಿದ್ದ 15 ಕೌಂಟಿಗಳ 2,511 ಸರ್ಕಾರಿ ಶಾಲೆಗಳನ್ನು ಆ ಜಾಲ ನಡೆಸುವ ರಾಜ್ಯದ ಜಾಡು ಕಾರ್ಯಕ್ರಮದವರು ಸಿಂಪಡಣೆಯ ನಕ್ಷೆಯ ಮೇಲಿಟ್ಟು ನೋಡಿದರು. ಶೇ 36ರಷ್ಟು ಶಾಲೆಗಳ ಕಾಲು ಮೈಲಿಯೊಳಗೆ ಆರೋಗ್ಯಕ್ಕೆ ಆತಂಕ ತರುವ ಕೀಟನಾಶಕಗಳು ಬಿದ್ದಿದ್ದವು. ಲೆಕ್ಕ ಹೊಸದಲ್ಲ, ಅದೇ ಹಳೆಯ ಕಡತಗಳದ್ದು. ಶಾಲೆಯ ಪಕ್ಕಕ್ಕಿಟ್ಟು ನೋಡಿದ್ದು ಮಾತ್ರ ಹೊಸದು. 2018ರ ಜನವರಿ 1ರಿಂದ ಹೊಸ ನಿಯಮ ಜಾರಿಯಾಯಿತು: ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 6ರಿಂದ ಸಂಜೆ 6ರ ನಡುವೆ, ಶಾಲೆ ಮತ್ತು ಶಿಶುಪಾಲನಾ ಕೇಂದ್ರಗಳ ಕಾಲು ಮೈಲಿಯೊಳಗೆ ಹಲವು ಬಗೆಯ ಸಿಂಪಡಣೆಗೆ ತಡೆ.

ಮೆಕ್ಸಿಕೋ ಗಡಿಯ ಇಂಪೀರಿಯಲ್ ಕೌಂಟಿಯಲ್ಲಿ ಪಾತ್ರಗಳೇ ಅದಲುಬದಲಾದವು. ಒಂದು ಕಡೆ ಬತ್ತುತ್ತಿರುವ ಸಾಲ್ಟನ್ ಸಮುದ್ರವೆಂಬ ಸರೋವರದ ದೂಳು, ಇನ್ನೊಂದು ಕಡೆ ಹೊಲಗಳ ಹೊಗೆ. ಮಕ್ಕಳಲ್ಲಿ ಉಬ್ಬಸದ ಕಾಟ ಹೆಚ್ಚು. ಗಾಳಿ ಅಳೆಯುವ ಸರ್ಕಾರದ ಮಾಪಕಗಳು ಬೆರಳೆಣಿಕೆಯಷ್ಟು. ಸ್ಥಳೀಯ ಸಂಘಟನೆ ಕೊಮಿತೆ ಸಿವಿಕೊ ಡೆಲ್ ವಾಯೆ, ಜಾಡು ಕಾರ್ಯಕ್ರಮ ಮತ್ತು ವಿಶ್ವವಿದ್ಯಾಲಯದವರ ಜೊತೆ ಸೇರಿ 40 ಅಗ್ಗದ ಮಾಪಕಗಳನ್ನು ನಿಲ್ಲಿಸಿತು. ಎಲ್ಲಿ ನಿಲ್ಲಿಸಬೇಕೆಂದು ತೋರಿಸುವುದರಲ್ಲಿ ನಿವಾಸಿಗಳದೂ ಕೈಯಿತ್ತು. ದೂಳು ಎಲ್ಲಿ ಏಳುತ್ತದೆಂದು ಅವರಿಗೆ ಗೊತ್ತಿತ್ತು. ಯಂತ್ರದ ಅಳತೆ ಸರಿಯೇ ಎಂದು ಸರ್ಕಾರಿ ಮಾಪಕದ ಪಕ್ಕದಲ್ಲಿಟ್ಟು ತಾಳೆ ನೋಡಿದವರು ವಿಜ್ಞಾನಿಗಳು. 2017ರ ಎಬಿ 617 ಕಾಯ್ದೆ ಸಮುದಾಯ ಮಟ್ಟದ ವಾಯು ನಿಗಾವನ್ನು ರಾಜ್ಯದ ನೀತಿಯಾಗಿಸಿದಾಗ, ಮೊದಲ ಪಟ್ಟಿಯಲ್ಲೇ ಇಂಪೀರಿಯಲ್‌ನ ಊರುಗಳಿದ್ದವು.

ಈ ಅಗ್ಗದ ಮಾಪಕಗಳ ಅಂಕಿ ಹಿಡಿದು ಯಾರಿಗೂ ದಂಡ ಹಾಕಲಾಗದು. ಅದಕ್ಕೆ ಸರ್ಕಾರಿ ಮಾಪಕದ ಮಾತೇ ಬೇಕು. ಆದರೂ, ಇವತ್ತು ಮಕ್ಕಳನ್ನು ಆಟಕ್ಕೆ ಬಿಡಬಹುದೇ ಎಂದು ಕೇಳುವ ಮೇಷ್ಟರಿಗೆ ಉತ್ತರ ಇಂದೇ ಬೇಕು, ಮುಂದಿನ ವರ್ಷದ ವರದಿಯಲ್ಲಲ್ಲ. ಹಿಂದೆ ತಾಯಿಯ ಪ್ರಶ್ನೆ ಎರಡು ಬೀರುಗಳ ನಡುವೆ ಬಿದ್ದುಹೋಗುತ್ತಿತ್ತು. ಈಗ ಅದಕ್ಕೊಂದು ಮಾಪಕವಾದರೂ ಇದೆ.